ಹುಮನಾಬಾದ್ ಮನೆಯ ಆಹೇರ

ನಮ್ಮ ಕಡೆ ಮನುಷ್ಯ ದೊಡ್ಡವನಾಗುವುದು ವಯಸ್ಸಿನಿಂದಲ್ಲ, ಆಹೇರದಿಂದ. ಮದುವೆಯಲ್ಲಿ ಅಕ್ಷತೆ ಬಿದ್ದ ಮೇಲೆ, ಊಟಕ್ಕೆ ಕೂಡುವ ಮೊದಲು, ಮನೆಯ ಹಿರಿಯನೊಬ್ಬ ಮೈಕು ಹಿಡಿದು ಬಂಧುಗಳನ್ನು ಒಂದೊಂದು ಮನೆಯಾಗಿ ಆಹೇರದ ಉಡುಗೊರೆಗೆ ಕರೆಯುತ್ತಾನೆ. ಗಂಡ ಹೆಂಡತಿ ಬಂದು ಎರಡು ಕುರ್ಚಿಗಳಲ್ಲಿ ಅಕ್ಕಪಕ್ಕ ಕೂಡಬೇಕು. ಗಂಡಸಿಗೆ ಕುಂಕುಮ, ಟಾವೆಲ್, ತಲೆಗೆ ಬಿಳಿ ಟೋಪಿ. ಹೆಂಗಸಿಗೆ ಸೀರೆ, ಕುಪ್ಪಸದ ಖಣ. ಮದುವೆಯಾಗದವನಿಗೆ ಕುರ್ಚಿಯಿಲ್ಲ, ಅವನು ಮಕ್ಕಳ ಲೆಕ್ಕ. ನನಗೆ ಐವತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ, ತಲೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದೇನೆ. ಆದರೂ ಬಸವಕಲ್ಯಾಣದ ನಮ್ಮ ಮನೆತನದ ಮದುವೆಗಳಲ್ಲಿ ನಾನು ಅಣ್ಣನ ಕುರ್ಚಿಯ ಹಿಂದೆ, ಶಾಲೆಗೆ ಹೋಗುವ ಮಕ್ಕಳ ಸಾಲಿನಲ್ಲಿ ನಿಂತು ಕರವಸ್ತ್ರ ಇಸಿದುಕೊಂಡು ಬಂದವನು.

ಇದರಲ್ಲಿ ಇನ್ನೂ ಒಂದು ತಮಾಷೆಯಿದೆ. ಹುಮನಾಬಾದಿನಲ್ಲಿ ನನ್ನದು ಆಹೇರದ ಬಟ್ಟೆಯದೇ ಅಂಗಡಿ. ಚಿಟಗುಪ್ಪ, ಮನ್ನಾಏಖೇಳ್ಳಿ ಕಡೆಯ ಮದುವೆ ಮನೆಯವರೆಲ್ಲ ನಮ್ಮಲ್ಲಿಂದಲೇ ಗಂಟುಗಟ್ಟಲೆ ಒಯ್ಯುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಇಬ್ಬರು, ನಾನು ಮತ್ತು ಅವನು. ಅವನು ನನಗೆ ಏನಾಗಬೇಕು ಎಂಬ ಪ್ರಶ್ನೆಗೆ ನಮ್ಮ ಬಂಧುಬಳಗ ಇಪ್ಪತ್ತು ವರ್ಷಗಳಿಂದ ಬೇರೆ ಬೇರೆ ಉತ್ತರ ಕೊಡುತ್ತ ಬಂದಿದೆ. ಒಬ್ಬರು ದೋಸ್ತ ಎಂದರು, ಇನ್ನೊಬ್ಬರು ಬಾಡಿಗೆಯವನು ಎಂದರು, ಮತ್ತೊಬ್ಬರು "ಪಾಪ, ಅವನಿಗೂ ಯಾರೂ ಇಲ್ಲ" ಎಂದು ಲೊಚಗುಟ್ಟಿದರು. ಸರಿಯಾದ ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ಬಹಳ ಕಾಲ ಅಷ್ಟೇ ಸಾಕು ಅಂದುಕೊಂಡಿದ್ದೆವು.

ಅಂಗಡಿಯಲ್ಲಿ ಆಹೇರದ ಜೋಡಿ ಕಟ್ಟುವುದು ಅವನ ಕೆಲಸ. ಕೆಳಗೆ ಸೀರೆ, ಅದರ ಮೇಲೆ ಖಣ, ಟಾವೆಲ್, ಎಲ್ಲಕ್ಕಿಂತ ಮೇಲೆ ಟೋಪಿ, ಸುತ್ತಲೂ ಅರಿಶಿನದ ದಾರ. ಒಂದು ಗಂಟು ಅಂದರೆ ಒಂದು ಮನೆ. ತಾಲೂಕಿನ ಅರ್ಧ ದಾಂಪತ್ಯಗಳಿಗೆ ಹೀಗೆ ದಾರ ಸುತ್ತಿದವನಿಗೆ ನಮ್ಮ ಮನೆಯ ಮದುವೆಗಳಲ್ಲಿ ಸಿಗುತ್ತಿದ್ದದ್ದು ಎಲ್ಲ ಮುಗಿದ ಮೇಲೆ ಪೆಂಡಾಲಿನವರಿಗೆ, ಡ್ರೈವರನಿಗೆ, ಬ್ಯಾಂಡಿನವರಿಗೆ ನಿಂತಲ್ಲೇ ಕೊಡುವ ಟಾವೆಲ್. ಒಮ್ಮೆ ಮಾತ್ರ ಬಾಯಿಬಿಟ್ಟು ಕೇಳಿದ: "ನಂದು ಯಾಕ ಪೆಂಡಾಲ್‌ನವ್ರ ಜೋಡಿ? ನಾ ಏನ್ ಅಲ್ಲಿ ಬಿದಿರು ನೆಟ್ಟೀನೇನು?" ನಗುತ್ತಲೇ ಕೇಳಿದ. ನನಗೆ ನಗು ಬರಲಿಲ್ಲ, ಅವನಿಗೆ ನೋವಾಗಿತ್ತು. ಬಟ್ಟೆಗೇನು ಬರಗಾಲ, ಅಂಗಡಿ ತುಂಬ ಬಟ್ಟೆಯೇ ಇದೆ. ಅವನಿಗೆ ಬೇಕಾಗಿದ್ದದ್ದು ನನ್ನ ಪಕ್ಕದ ಆ ಕುರ್ಚಿ.

ಹಳೆಯ ಕಾಲದವರಿಗೆ ಇದೆಲ್ಲ ಗೊತ್ತೇ ಇರಲಿಲ್ಲ ಅನ್ನುವವರು ನನ್ನ ಸೋದರತ್ತೆಯನ್ನು ಕಂಡವರಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ಆಕೆ ನಮ್ಮ ಮನೆಯಲ್ಲಿ ಕೆಲವು ದಿನ ಇದ್ದಳು. ಪಟ್ಟಿ ಬಿಚ್ಚಿದ ದಿನ ಮನೆಯೆಲ್ಲ ಓಡಾಡಿ ನೋಡಿದಳು. ನಮ್ಮ ಕೋಣೆಯ ಬಾಗಿಲಲ್ಲಿ ನಿಂತು, "ಈ ಪಲಂಗ ಇಬ್ರಿಗಿ ಸಣ್ಣದಾಗ್ತದ. ದೊಡ್ಡದು ತರ್ರಿ," ಎಂದಳು. ಆಮೇಲೆ ಚಹಾ ಕೇಳಿದಳು.

ಹಾಗಂತ ಆಕೆಯನ್ನು ಎತ್ತಿ ಅಟ್ಟಕ್ಕೇರಿಸುವುದು ಬೇಡ. ಮುಂದಿನ ತಿಂಗಳೇ ಹುಡಗಿ ಎಂಬ ಊರಿನ ಒಂದು ಕನ್ಯೆಯ ಫೋಟೋ ಹಿಡಿದು ಬಂದಳು.

"ಅತ್ತಿ, ನೀ ಎಲ್ಲಾ ನೋಡೀದಿ. ಮತ್ತ ಇದ್ಯಾಕ?" ಎಂದೆ.

"ಲಗ್ನದ್ದು ಲಗ್ನದ ಕಡಿ, ದೋಸ್ತಿದು ದೋಸ್ತಿ ಕಡಿ. ನಿಮ್ಮ ಮಾಮಾನೂ ಹಂಗೇ ಇದ್ದ."

"ಅಲ್ಲ, ಆ ಹುಡುಗಿ ಗತಿ ಏನು?"

"ನನ್ನ ಗತಿ ಏನಾಗ್ಯದ? ನಾಲ್ಕು ಮಕ್ಕಳಾಗ್ಯಾವ."

ಆಕೆ ಅದನ್ನು ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು. ಆ ಕಾಲದವರು ಎಲ್ಲವನ್ನೂ ನೋಡಿದರು, ನೋಡಿದ್ದನ್ನು ಸೆರಗಿನಲ್ಲಿ ಮುಚ್ಚಿದರು, ಮುಚ್ಚಿದವರೇ ಒಳಗೆ ಬೆಂದರು. ಫೋಟೋ ವಾಪಸು ಕಳಿಸಿದೆ. ಅತ್ತೆ ಈಗ ಇಲ್ಲ. ದೊಡ್ಡ ಪಲಂಗ ಮಾತ್ರ ಆಕೆಯ ಮಾತಿನಂತೆ ತಂದಿದ್ದೆವು.

ಅಣ್ಣನ ಕಾಲದವರದು ಬೇರೆ ರೋಗ. ಮೊದಲೆಲ್ಲ ಅಣ್ಣ ಹುಮನಾಬಾದಿಗೆ ಬಂದರೆ ನನ್ನನ್ನು ಬಿಟ್ಟು ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಚಹಾಕ್ಕೆ ಹೋಗುತ್ತಿದ್ದ. ಆಮೇಲೆ ಇಂಥದ್ದು ಅಪರಾಧವಲ್ಲ ಎಂದು ದೊಡ್ಡ ಕೋರ್ಟು ಹೇಳಿತು. ಟಿವಿಯವರು ನಾಲ್ಕು ಜನರನ್ನು ಕೂರಿಸಿ ಕಿರುಚಾಡಿಸಿದರು. ಅಣ್ಣನಿಗೆ ಅಲ್ಲಿಯವರೆಗೆ ಇಲ್ಲದ ಒಂದು ಶಬ್ದ ಸಿಕ್ಕಿತು. ಶಬ್ದ ಸಿಕ್ಕಿದ್ದೇ ತಡ, ಹೆಗಲಿನಿಂದ ಕೈ ಇಳಿಯಿತು. ಕೋರ್ಟು ಬಿಟ್ಟ ಮೇಲೆ ಅಣ್ಣ ನಮ್ಮನ್ನು ಹಿಡಿದ. ಎಲ್ಲರೂ ಸಮಾನರು ಎಂಬ ಭಾಷಣ ಕಿವಿಗೆ ಬೀಳದೆ ಬಸವಕಲ್ಯಾಣದಲ್ಲಿ ಒಂದು ವಾರ ಕಳೆಯುವುದು ಕಷ್ಟ. ಅಣ್ಣ ಅಂಥ ಸಭೆಗಳಲ್ಲಿ ಮುಂದಿನ ಸಾಲಿನವನು, ಒಮ್ಮೊಮ್ಮೆ ವಂದನಾರ್ಪಣೆಯೂ ಅವನದೇ. ಅದನ್ನು ಮುಗಿಸಿ ಬಂದು ನನಗೆ ಬುದ್ಧಿ ಹೇಳುತ್ತಿದ್ದ: "ತಮ್ಮಾ, ನೀ ಹ್ಯಾಂಗರ ಇರು, ನಂದೇನೂ ತಕರಾರಿಲ್ಲ. ಮಂದಿಗಿ ತಿಳೀಬಾರ್ದು ನೋಡು." ಮಂದಿಗೆ ಅಣ್ಣನಿಗಿಂತ ಮೊದಲೇ ತಿಳಿದಿತ್ತು.

ಇನ್ನು ಅಣ್ಣನ ಮಗಳು. ಕಲಬುರಗಿಯಲ್ಲಿ ಓದಿ ಬಂದವಳು. ಒಂದು ದಿನ ಅಂಗಡಿಯ ಗಾದಿಯ ಮೇಲೆ ಕೂತು, ನನ್ನ ಕೈ ಹಿಡಿದು, "ಕಾಕಾ, ನೀವು ಗೇ ಅದೀರಿ. ಅದ್ರಾಗ ನಾಚ್ಕೊಳ್ಳೋದೇನೂ ಇಲ್ರಿ," ಎಂದು ಸಮಾಧಾನ ಹೇಳಿದಳು. ನಾನೂ ಮೊದಲ ಸಲ ಕೇಳುತ್ತಿರುವವನಂತೆ ಮುಖ ಮಾಡಿದೆ. ಪಾಪ, ಹುಡುಗಿ ಅಷ್ಟು ದೂರದಿಂದ ಸುದ್ದಿ ಹೊತ್ತು ತಂದಿದ್ದಳು. ಜೂನ್ ನಮ್ಮಂಥವರ ತಿಂಗಳಂತೆ, ಅದು ಬಂದರೆ ಅವಳ ಫೋನಿನಲ್ಲಿ ನಮ್ಮ ಗುರುತಿನ ಕಾಮನಬಿಲ್ಲು ಏರುತ್ತದೆ. ನಮ್ಮಿಬ್ಬರನ್ನು ಬಸವಕಲ್ಯಾಣದ ಕೋಟೆಯ ಮುಂದೆ ನಿಲ್ಲಿಸಿ ರೀಲ್ ಮಾಡಬೇಕೆಂದು ಹಟ ಹಿಡಿದಿದ್ದಳು. ತನ್ನ ಮದುವೆ ಗೊತ್ತಾದಾಗ ಯಾರೂ ಕೇಳದೆ ತಾನಾಗಿಯೇ ಮಾತು ಕೊಟ್ಟಳು: "ನನ್ನ ಲಗ್ನದಾಗ ಹುಮನಾಬಾದ್ ಮನಿ ಅಂತ ಕರ್ಸಿ ನಿಮ್ಮಿಬ್ರಿಗೂ ಆಹೇರ ಮಾಡಸ್ತೀನ್ರಿ ಕಾಕಾ. ಅಪ್ಪಾಜಿಗಿ ನಾ ಹೇಳ್ತೀನಿ."

ನಾನು ನಂಬಲಿಲ್ಲ. ಅವನು ನಂಬಿದ. ಹೊಸ ಅಂಗಿ ಹೊಲಿಸಿದ, ಕನ್ನಡಿ ಮುಂದೆ ನಿಂತು ಗುಂಡಿ ಹಾಕಿ ನೋಡಿಕೊಂಡ. ಆ ಮುಖ ನೋಡಿ ನನಗೆ ಹೆದರಿಕೆಯಾಯಿತು.

ಮದುವೆ ಬಸವಕಲ್ಯಾಣದ ಒಂದು ಫಂಕ್ಷನ್ ಹಾಲಿನಲ್ಲಿ. ಬೀಗರು ಚಿಟಗುಪ್ಪದವರು. ಅಕ್ಷತೆ ಮುಗಿದು ಅಣ್ಣ ಮೈಕು ಹಿಡಿದ. ಮುಂದಿನ ಟೇಬಲ್ಲಿನ ಮೇಲೆ ನಮ್ಮ ಅಂಗಡಿಯಿಂದ ಬಂದ ಗಂಟುಗಳ ರಾಶಿ. ಮದುಮಗಳು ವೇದಿಕೆಯಿಂದ ನನ್ನ ಕಡೆ ನೋಡಿದಳು, ಪಕ್ಕದಲ್ಲಿದ್ದ ತನ್ನ ಗಂಡನ ತಾಯಿಯ ಕಡೆ ನೋಡಿದಳು, ಮೆಹಂದಿ ಹಚ್ಚಿದ ಕೈಯಲ್ಲಿ ಫೋನು ಒತ್ತಿದಳು. ನನ್ನ ಕಿಸೆ ಗುಂಯ್ ಎಂದಿತು. ಸಾರಿ ಕಾಕಾ, ಇವತ್ತ ಬ್ಯಾಡ್ರಿ, ಬೀಗರು ಅದಾರ. ಕೊನೆಯಲ್ಲಿ ಏಳು ಬಣ್ಣದ ಒಂದು ಹೃದಯ.

ಅವನಿಗೆ ತೋರಿಸಿದೆ. ಓದಿದ, ಫೋನು ಮರಳಿಸಿದ, ಹೊಸ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಪೆಂಡಾಲಿನವರು ನಿಂತಿದ್ದ ಕಡೆ ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಕಾಮನಬಿಲ್ಲಿನ ಮೇಲೂ ಸಿಟ್ಟು, ಕೋರ್ಟಿನ ಮೇಲೂ ಸಿಟ್ಟು.

ಮನೆಗಳನ್ನು ಕರೆಯುವುದು ಮುಗಿಯಿತು. ಟೇಬಲ್ಲಿನ ಮೇಲೆ ಒಂದು ಗಂಟು ಉಳಿಯಿತು. ಯಾರದೆಂದು ತಿಳಿಯದೆ ಅಣ್ಣ ಬಿಚ್ಚಿದ. ಎರಡು ಟಾವೆಲ್, ಎರಡು ಟೋಪಿ. ಸೀರೆಯಿಲ್ಲ, ಖಣವಿಲ್ಲ. ಮೈಕು ಕೈಯಲ್ಲೇ ಇತ್ತು.

"ಏನಪಾ, ಹ್ಯಾಂಗ ಕಟ್ಟೀದಿ ಇದು? ಜೋಡಿ ತಪ್ಪ್ಯಾದ. ಸೀರೀನೇ ಇಲ್ಲ ಇದ್ರಾಗ!"

ಹಾಲಿನ ಮಂದಿಯೆಲ್ಲ ನಕ್ಕರು. ಇಷ್ಟು ವರ್ಷಗಳಲ್ಲಿ ಅವನು ಒಂದು ಗಂಟನ್ನೂ ತಪ್ಪಾಗಿ ಕಟ್ಟಿದವನಲ್ಲ. ಇಂಥದೊಂದು ಕಟ್ಟಿದ್ದಾನೆಂದು ನನಗೂ ಹೇಳಿರಲಿಲ್ಲ.

ಅವನು ಪೆಂಡಾಲಿನವರ ನಡುವಿನಿಂದ ಮುಂದೆ ಬಂದ. "ತಪ್ಪಾಗಿಲ್ರಿ. ಅದು ನಮ್ದು," ಎಂದ.

ನಗು ನಿಂತಿತು. ನಾನು ಹೋಗಿ ಒಂದು ಕುರ್ಚಿಯಲ್ಲಿ ಕೂತೆ. ಅವನು ಪಕ್ಕದ್ದರಲ್ಲಿ ಕೂತ. ಹೆದರಿಕೆ ಎಷ್ಟಿತ್ತೋ ಖುಷಿಯೂ ಅಷ್ಟೇ ಇತ್ತು.

ಬೇರೆ ದಾರಿ ಕಾಣದೆ ಅಣ್ಣ ಮೈಕಿನಲ್ಲಿ, "ಹುಮನಾಬಾದ್ ಅಂಗಡಿ," ಎಂದು ಕೂಗಿ ಟೋಪಿ ಎತ್ತಿಕೊಂಡ. ಅವನು ತಲೆ ಬಗ್ಗಿಸಲಿಲ್ಲ.

"ಮನಿ ಅನ್ರಿ ಅಣ್ಣಾರ."

ಅಣ್ಣ ಮೈಕನ್ನು ಅತ್ತ ಸರಿಸಿ, "ಆತಪಾ, ಮನಿ," ಎಂದು ಗೊಣಗಿದ.

"ಮೈಕಿನ್ಯಾಗ," ಎಂದೆ ನಾನು.

ಅಣ್ಣನ ಹಣೆಯಲ್ಲಿ ಬೆವರು. ಬೀಗರ ಕಡೆ ತಿರುಗಿ ನೋಡಿದ. ಇಷ್ಟು ವರ್ಷ ಅಣ್ಣ ಹೆದರುತ್ತ ಬಂದ ಮಂದಿ ಅಲ್ಲಿ ಮೊದಲ ಸಾಲಿನಲ್ಲಿ ಕೂತಿತ್ತು. ಆ ಮಂದಿಯ ಹಿರಿಯರು ಹೊಟ್ಟೆಯ ಮೇಲೆ ಕೈಯಾಡಿಸುತ್ತ, "ಏನರ ಒಂದು ಅಂದು ಮುಗಸ್ರಿ ಬೀಗರ! ಹುಗ್ಗಿ ಆರಾಕತ್ತದ!" ಎಂದು ಕೂಗಿದರು.

ಹುಗ್ಗಿ ಆರುತ್ತದೆಂಬ ಭಯಕ್ಕೆ ಅಣ್ಣ ಮೈಕು ಬಾಯಿಗೆ ತಂದ. "ಹುಮನಾಬಾದ್ ಮನಿ," ಎಂದ. ಅವನು ತಲೆ ಬಗ್ಗಿಸಿದ. ಟೋಪಿ ಇಡುವಾಗ ಅಣ್ಣನ ಕಣ್ಣು ಎಲ್ಲೂ ತಪ್ಪಿಸಿಕೊಳ್ಳಲು ಜಾಗವಿಲ್ಲದೆ ಅವನ ಮುಖದ ಮೇಲೆ ನಿಂತಿತು. ಹಾಲಿನ ಛತ್ತು ಕುಸಿಯಲಿಲ್ಲ. ಎರಡು ಮನೆಯವರು ಸಿಟ್ಟಿನಿಂದ ಎದ್ದು ಹೋದರು, ಊಟ ಮಾಡಿಯೇ ಹೋದರು.

ಬೀಗರು ಊಟಕ್ಕೆ ಎದ್ದ ಕೂಡಲೇ ಮದುಮಗಳು ಸೀರೆಯ ನೆರಿಗೆ ಎತ್ತಿಕೊಂಡು ನಮ್ಮತ್ತ ಓಡಿ ಬಂದಳು.

"ಸೂಪರ್ ಕಾಕಾ! ಆದ್ರ ಯಾರೂ ವಿಡಿಯೋ ಮಾಡಿಲ್ಲ ನೋಡ್ರಿ. ಇನ್ನೊಮ್ಮೆ ಕೂಡ್ರಿ ಇಬ್ರೂ, ಅಪ್ಪಾಜಿಗಿ ಕರೀತೀನಿ, ಮತ್ತೊಮ್ಮೆ ಟೋಪಿ ಇಡ್ಲಿ."

ನಾನು ಬೈಯಲು ಬಾಯಿ ತೆರೆದಿದ್ದೆ. ಅವನು ನನ್ನ ತೋಳು ಹಿಡಿದು ತಡೆದ.

"ನೀ ನೋಡ್ಲಿಲ್ಲಂದ್ರ ನಡೀತದವ್ವಾ," ಎಂದ. "ನಿಮ್ಮಪ್ಪ ನೋಡಿದ."