ಲಿಲಾವಿನ ಬಸವಣಪ್ಪನ ಗುಟ್ಟು

ಬಸವಣಪ್ಪ ಬಾಯಿ ತೆರೆದರೆ ಬಸವಕಲ್ಯಾಣದ ಕೋಟೆಯ ಪಾರಿವಾಳಗಳು ಗಂಟುಮೂಟೆ ಕಟ್ಟುತ್ತಿದ್ದವು. ಮಾರುಕಟ್ಟೆಯ ಅಂಗಳದಲ್ಲಿ ತೊಗರಿಯ ರಾಶಿಯ ಮುಂದೆ ನಿಂತು ಆತ ಲಿಲಾವು, ಅಂದರೆ ಹರಾಜು, ಕೂಗಿದನೆಂದರೆ, ದೂರದ ಘಾಟಬೋರಾಳದ ರೈತರು ತಮ್ಮ ಕಣದಲ್ಲೇ ಧಾರಣೆ ಕೇಳಿಸಿಕೊಂಡು ಬಂಡಿ ಹೂಡಬೇಕೋ ಬೇಡವೋ ನಿರ್ಧರಿಸುತ್ತಿದ್ದರಂತೆ. ಒಮ್ಮೆ ಆತ ಸೀನಿದ್ದಕ್ಕೆ ವ್ಯಾಪಾರಿಗಳು ಹೆದರಿ ದರ ಏರಿಸಿದರೆಂದು ಹೇಳುವವರೂ ಉಂಟು. ಇದನ್ನು ನಂಬದವರು ಕಲ್ಯಾಣದವರೇ ಅಲ್ಲ.

ಈ ಮಹಾಕಂಠವೇ ಮನೆಯಲ್ಲಿ ಅನಾಹುತ ಮಾಡಿತು. ಒಂಬತ್ತನೇ ಇಯತ್ತೆಯ ಮಗಳು ಶೀತಲ್ ಗಣಿತದಲ್ಲಿ ತೆಗೆದ ಅಂಕ ಕೇಳಿ, ಶಾಲೆಯ ಗೇಟಿನಲ್ಲೇ "ಹನ್ನೊಂದಾ?" ಎಂದುಬಿಟ್ಟ. ಆತನ ಲೆಕ್ಕದಲ್ಲಿ ಅದು ಪಿಸುಮಾತು. ಮರುದಿನದಿಂದ ಗೆಳತಿಯರು ಅವಳನ್ನು ಕಂಡೊಡನೆ "ಹನ್ನೊಂದು ಒಂದ್ಸಲ! ಹನ್ನೊಂದು ಎರಡ್ಸಲ!" ಎಂದು ಲಿಲಾವು ಹಿಡಿದರು. ಶೀತಲ್ ಅಪ್ಪನೊಡನೆ ಮಾತು ಬಿಟ್ಟಳು. ಆತ ಎದುರಿಗೇ ಕೂತಿದ್ದರೂ, "ಅವ್ವಾ, ಅವರಿಗಿ ಚಹಾ ಬೇಕೇನ ಕೇಳು" ಎನ್ನುವಳು. ಬಸವಣಪ್ಪ ಒಳಗೊಳಗೇ ಕುಗ್ಗಿಹೋದ. ಅಂಗಳದಲ್ಲಿ ದರ ಹದಿನೆಂಟುನೂರಾ ಹತ್ತಕ್ಕೆ ಬಂದರೆ, ಮುಂದಿನದನ್ನು ನುಂಗಿಕೊಂಡು ಸೀದಾ ಹನ್ನೆರಡಕ್ಕೆ ಜಿಗಿಯುತ್ತಿದ್ದ.

ಎರಡು ಸಾವಿರದ ಏಳರ ಆ ದಿನಗಳಲ್ಲೇ ಪತ್ರಿಕೆಯಲ್ಲೊಂದು ಸುದ್ದಿ ಬಂತು: ಮಕ್ಕಳ ತಕರಾರಿರಲಿ, ಮನಸ್ಸಿನ ದುಃಖವಿರಲಿ, ಧಾರವಾಡದ ಮೇಡಂ ಒಬ್ಬರು ಕಂಪ್ಯೂಟರಿನಲ್ಲೇ ಮಾತಾಡಿ ದಾರಿ ತೋರಿಸುತ್ತಾರೆ. ಕಲ್ಯಾಣದಲ್ಲೂ ಸೈಬರ್ ಕೆಫೆ ಇತ್ತು. ಆದರೆ ಊರಿಗೆಲ್ಲ ದರ ಕೂಗುವವನು, ಸ್ವಂತ ಮಗಳನ್ನು ಮಾತಾಡಿಸುವುದು ಹೇಗೆಂದು ಕೇಳಲು ಕೂತದ್ದನ್ನು ಯಾರಾದರೂ ಕಂಡರೆ? ಟವೆಲಿನಿಂದ ಅರ್ಧ ಮುಖ ಮುಚ್ಚಿಕೊಂಡು, ದಂಡಯಾತ್ರೆ ಹೊರಟ ರಾಜನಂತೆ ಹುಮನಾಬಾದಿನ ಬಸ್ಸು ಹತ್ತಿದ.

ಬಸ್ ನಿಲ್ದಾಣದ ಎದುರಿನ ಕೆಫೆಯ ಮಾಲೀಕ ಹುಸೇನ. "ಭಾಯಿ, ಗುಟ್ಟಿನ ಮಾತು ಅದ. ಮೂಲ್ಯಾಗಿನ ಕಂಪ್ಯೂಟರ್ ಕೊಡ್ರಿ" ಎಂದ ಬಸವಣಪ್ಪ.

"ಫಿಕರ್ ಮಾಡಬ್ಯಾಡ್ರಿ ಅಣ್ಣಾರ" ಎಂದು ಹುಸೇನ, ಮೇಡಂ ಸಿಕ್ಕೊಡನೆ ಆತನ ತಲೆಗೆ ಹೆಡ್‌ಫೋನ್ ಏರಿಸಿದ.

ಅಲ್ಲೇ ಎಡವಟ್ಟಾಯಿತು. ಕಿವಿ ಮುಚ್ಚಿದ್ದೇ ಬಸವಣಪ್ಪನಿಗೆ ತನ್ನ ದನಿ ತನಗೇ ಸಣ್ಣದೆನಿಸಿತು. ಧಾರವಾಡವೋ ಬಲು ದೂರ. ಆತ ಎದೆ ತುಂಬ ಉಸಿರೆಳೆದುಕೊಂಡ.

"ಮೇಡಂ! ಮಗಳ ಮಾರಿ ನೋಡಾಕ ನಾಚಿಕಿ ಆಗಾಕತ್ತದ್ರಿ! ತಪ್ಪು ನಂದೇ ಅದ! ಆಕಿ ಕ್ವಾಣ್ಯಾಗ ಅಳತಾಳ, ನಾ ಬಾಗಲದಾಗ ನಿಂತು ಹೊಳ್ಳಿ ಬರತೀನ್ರಿ!"

ಅತ್ತಲಿಂದ ಮೇಡಂ ನಡುವೆ ಬಾಯಿ ಹಾಕಲು ನೋಡಿದರು. ಲಿಲಾವು ನಡೆದಿರುವಾಗ ಬೇರೆಯವರ ಮಾತು ಎಲ್ಲಿ ನಡೆದೀತು? ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಬಸವಣಪ್ಪ ಮಾತ್ರ ಕಣ್ಣು ಮುಚ್ಚಿಕೊಂಡು ಸಾಗಿಯೇ ಇದ್ದ. ನಿಲ್ದಾಣದಲ್ಲಿ ನಿಂತ ಕಲ್ಯಾಣದ ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ತಲೆಗಳು ಮೂಡಿದವು. ಅವುಗಳಲ್ಲೊಂದು ಪಕ್ಕದ ಮನೆಯ ಗಯಾಬಾಯಿಯದು.

ಹುಸೇನ ಮೆಲ್ಲಗೆ ಹೆಡ್‌ಫೋನ್ ತೆಗೆದ. "ಅಣ್ಣಾರ, ಕರೆಂಟ್ ಹೋಗಿ ಭಾಳ ಹೊತ್ತಾತು. ಖರೇ ಹೇಳ್ಬೇಕಂದ್ರ, ನಿಮಗ ಧಾರವಾಡಕ್ಕ ಮಾತಾಡಾಕ ಕಂಪ್ಯೂಟರ್ ಯಾಕ ಬೇಕಿತ್ರಿ?"

ಬಸವಣಪ್ಪ ಹೊರಗೆ ನೋಡಿದ. ಗಯಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಬಸ್ಸು ಹೊರಟಿತು. ಅದನ್ನು ಹತ್ತುವ ಧೈರ್ಯ ಆತನಿಗಾಗಲಿಲ್ಲ. ಅದರ ಹಿಂದೆ ಬಂದದ್ದನ್ನೂ ಬಿಟ್ಟ.

ಊರಿಗೆ ಬಂದಾಗ ಓಣಿಯ ಕಟ್ಟೆಗಳೆಲ್ಲ ತುಂಬಿದ್ದವು. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ತಲೆ ತಗ್ಗಿಸಿ ಮನೆ ಹೊಕ್ಕು ಮೂಲೆಯಲ್ಲಿ ಕೂತ. ಚಹಾದ ಕಪ್ಪು ಮುಂದೆ ಬಂತು. ಅದನ್ನು ಹಿಡಿದವಳು ಹೆಂಡತಿ ಸುಂದರಬಾಯಿಯಲ್ಲ.

"ಅಪ್ಪಾ," ಎಂದಳು ಶೀತಲ್, "ಗಯಾ ಕಾಕು ಎಲ್ಲಾ ಹೇಳ್ಯಾಳ. ಮೇಡಂ ಏನಂದ್ರು?"

ಬಸವಣಪ್ಪ ನೆಲ ನೋಡಿದ. ಬಾಯಿ ತೆರೆದ. ಪಾರಿವಾಳಗಳಿಗೆ ಅಂದು ಏನೂ ತೊಂದರೆಯಾಗಲಿಲ್ಲ. ಆ ದನಿ ಕೇಳಲು ಮಗಳೇ ಬಗ್ಗಬೇಕಾಯಿತು.

"ಗೊತ್ತಿಲ್ಲವ್ವ. ನಾನೇ ಮಾತಾಡಾಕತ್ತಿದ್ದೆ."