ಹೋದ ವಾರ ಎಷ್ಟು ನಡೆದಿರಿ?

ಎಂಬತ್ತರ ದಶಕದಲ್ಲಿ ಕೆಲವು ಕಾಲ ನನಗಿದ್ದ ಕೆಲಸ ಎಂದರೆ ಮುದುಕರನ್ನು ಕಾಡುವುದು. ಒಂದು ಆರೋಗ್ಯ ಸಮೀಕ್ಷೆಗಾಗಿ, ಹೋದ ವಾರ ಎಷ್ಟು ನಡೆದಿರಿ, ಎಷ್ಟು ಭಾರ ಎತ್ತಿದಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಕು. ರಾಯಚೂರಿನಿಂದ ಒಂದು ದಿನ ಮಾನ್ವಿ, ಒಂದು ದಿನ ದೇವದುರ್ಗ. ಬಸ್ಸಿಳಿಯುವಷ್ಟರಲ್ಲೇ ಜೀವ ಸಾಕಾಗಿರುತ್ತಿತ್ತು. ವಾರ ಎಂದರೆ ಯಾರಿಗೂ ನೆನಪಾಗದು. ಸಂತೆಯಿಂದ ಸಂತೆಗೆ ಎನ್ನಬೇಕು. "ಇದನ್ನ ತಿಳಕೊಂಡು ಏನ್ ಮಾಡ್ತೀರವ್ವಾ?" ಎನ್ನುತ್ತಿದ್ದರು. ನನಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ದೇವದುರ್ಗದ ಮನೆಯೊಂದರಲ್ಲಿ ಇಣುಕಿದೆ. ಮುದುಕಿಯೊಬ್ಬಳು ಕಾಲು ಚಾಚಿ ಕೂತು, ಮೊಮ್ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದಳು. ಬಾಣಂತಿ ಮಗಳು ಒಳಗೆ ಮಲಗಿದ್ದಳು. ಬಂದ ಕೆಲಸ ಹೇಳಿದೆ.

"ಇದು ಮಗಳ ಮನಿ. ನಂದು ಹಿಂದಿನ ಓಣ್ಯಾಗ ಅದ, ಅಲ್ಲಿಗೇ ಬಾ. ಇಲ್ಲಿ ನನ್ನ ನೋಡೀನಂತ ಅನ್ನಬ್ಯಾಡ" ಎಂದಳು. ಮಗನಿಗೂ ಅಳಿಯನಿಗೂ ಮಾತು ಬಿಟ್ಟಿತ್ತು. ಇಲ್ಲಿ ಕಾಲಿಡಬೇಡ ಎಂದು ಮಗ ಆಣೆ ಹಾಕಿದ್ದ. ಅವನು ಅಂಗಡಿಗೆ ಹೋದ ಮೇಲೆ ದಿನಾ ಬಂದು, ನೀರು ಹೊತ್ತು, ಕೂಸಿಗೆ ಎರೆದು ಹೋಗುತ್ತಿದ್ದಳು.

ಮಧ್ಯಾಹ್ನ ಹಿಂದಿನ ಓಣಿಗೆ ಹೋದರೆ ಮಗ ಊಟಕ್ಕೆ ಬಂದಿದ್ದ. ಅವನೆದುರೇ ಪ್ರಶ್ನೆ ಕೇಳಬೇಕಾಯಿತು. ಮುದುಕಿ ನನ್ನ ಮುಖವನ್ನೇ ನೋಡಿದಳು.

"ಎಲ್ಲಿಗಿ ಹೋಗ್ಲೆವ್ವಾ? ಹೊಸ್ತಿಲಾ ದಾಟಂಗಿಲ್ಲ."

"ನಮ್ಮವ್ವಗ ಕೂಡ್ರಿಸಿ ಅನ್ನಾ ಹಾಕ್ತೀವ್ರಿ" ಎಂದ ಮಗ, ಹೆಮ್ಮೆಯಿಂದ. ಅವಳ ಸೀರೆಯ ಅಂಚು ಇನ್ನೂ ಹಸಿಯಾಗಿತ್ತು. ನಡಿಗೆ ಇಲ್ಲ, ಭಾರ ಎತ್ತುವುದಿಲ್ಲ ಎಂದು ಬರೆದೆ. ಆ ಕೆಲಸದಲ್ಲಿ ನನಗೆ ಖುಷಿಯಾದದ್ದು ಅದೊಂದೇ ದಿನ.

ಅದೇ ಜನರನ್ನು ಕೆಲವು ತಿಂಗಳ ನಂತರ ಮತ್ತೆ ಕೇಳಬೇಕೆಂಬ ನಿಯಮವಿತ್ತು. ಹೋದಾಗ ಮಗಳ ಮನೆಗೆ ಬೀಗ. ಅಳಿಯ ಹೆಂಡತಿಯನ್ನೂ ಮಗುವನ್ನೂ ಕರೆದುಕೊಂಡು ರಾಯಚೂರಿನ ಅಕ್ಕಿ ಗಿರಣಿಯ ಕೆಲಸಕ್ಕೆ ಹೊರಟುಹೋಗಿದ್ದನಂತೆ. ಮುದುಕಿ ತನ್ನ ಮನೆಯ ಕಂಬಕ್ಕೆ ಒರಗಿ ಕೂತಿದ್ದಳು, ಒಬ್ಬಳೇ.

"ಮಗ ಇಲ್ಲಲ್ಲ, ಈಗ ಖರೇನ ಹೇಳು ಯವ್ವಾ" ಎಂದೆ.

"ಎಲ್ಲಿಗಿ ಹೋಗ್ಲೆವ್ವಾ?" ಎಂದಳು. "ಹೊಸ್ತಿಲಾ ದಾಟಂಗಿಲ್ಲ."

ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು. ಮೊದಲು ಬರೆದದ್ದನ್ನೇ ಬರೆದೆ.

ರಾಯಚೂರಿನ ಕಚೇರಿಯಲ್ಲಿ ಸಾಹೇಬರು ಮುದುಕಿಯ ಎರಡೂ ಹಾಳೆ ಜೋಡಿಸಿ ನೋಡಿದರು. ಎರಡು ಸಲವೂ ಒಂದೇ ಉತ್ತರ ಬಂದರೆ ಅದು ನಂಬತಕ್ಕದ್ದು ಎಂಬುದು ಅವರ ಲೆಕ್ಕ.

"ಭಾಳ ಚಲೋ ಆತ್ರಿ. ಏನೂ ಫರಕ್ ಆಗಿಲ್ಲ ನೋಡ್ರಿ" ಎಂದರು.