ಚೇಚಿಗೆ ನಾನು ಕೊಟ್ಟ ಬಾಟಲಿ

ಚೇಚಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಗದ್ದೆಯ ಕೆಸರು ತೊಳೆದರೂ ಹೋಗದಂತೆ ಕೂತಿತ್ತು. ಆ ಉಗುರನ್ನು ಎಲೆಯ ಬುಡಕ್ಕೆ ಒಮ್ಮೆ ತಾಗಿಸಿದರೆ ಸಾಕು, ಅದು ಭತ್ತವೋ ಭತ್ತದಂತೆ ಕಾಣುವ ಕಳೆಯೋ ಎಂದು ನೋಡದೆಯೇ ಹೇಳುತ್ತಿದ್ದರು.

ತಿರುವನಂತಪುರದ ಹೊರಗೆ, ವಿಳಿಂಜಂ ಕಡೆಗೆ ಹೋಗುವ ರಸ್ತೆಯಲ್ಲಿ ನಾನು ಗೊಬ್ಬರ, ಕಳೆ ಕೊಲ್ಲುವ ಔಷಧ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕಾಸರಗೋಡಿನವನು, ಹೈಸ್ಕೂಲು ಮುಗಿಸಿದವನು. ಡಬ್ಬಿಯ ಮೇಲಿನ ಇಂಗ್ಲಿಷು ಓದುತ್ತಿದ್ದುದರಿಂದ ಎಲ್ಲರಿಗೂ ‘ಸಾರ್’ ಆಗಿದ್ದೆ. ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ ಅವರು ಕಳೆ ಕೀಳುವ ಹೆಂಗಸರ ಮುಂದಾಳು. ಅಂಗಡಿಯ ಮುಂದೆ ಹಾದಾಗಲೆಲ್ಲ ಕೆಣಕುವರು:

“ಎಂತ ಸಾರೇ, ಇವತ್ತು ಎಷ್ಟು ಹೆಂಗಸರ ಕೆಲಸ ಮಾರಿದ್ರಿ?”

ಚಿಕುನ್‌ಗುನ್ಯ ಬಂದ ವರ್ಷ ಆ ಹೆಂಗಸರು ಸೇರಿ ಪಾಳುಬಿದ್ದ ಗದ್ದೆಯೊಂದನ್ನು ಗೇಣಿಗೆ ಹಿಡಿದು ನಾಟಿ ಮಾಡಿದ್ದರು. ಬೇರೆಯವರ ಕೆಸರಿನಲ್ಲೇ ತಲೆ ನರೆತ ಚೇಚಿಗೆ ಅದು ಮೊದಲ ಸ್ವಂತ ಬೆಳೆ. ಅಷ್ಟರಲ್ಲಿ ಒಬ್ಬೊಬ್ಬರಾಗಿ ಮಲಗಿದರು.

“ನಗಬೇಡಿ ಸಾರೇ,” ಎನ್ನುತ್ತಲೇ ಚೇಚಿ ಅಂಗಡಿಯ ಮೆಟ್ಟಿಲು ಹತ್ತಿದರು. “ಯಾರಿಗೂ ಬಗ್ಗಲಿಕ್ಕೆ ಆಗುದಿಲ್ಲ. ನಾಟಿ ಗದ್ದೆಯ ಕಳೆಗೆ ಮದ್ದು ಕೊಡಿ.”

ನಾನು ಬೇರೊಬ್ಬರ ಜೊತೆ ಹರಟುತ್ತಲೇ ಕಪಾಟಿಗೆ ಕೈಹಾಕಿ ಬಾಟಲಿ ಕೊಟ್ಟೆ. ಎಷ್ಟು ನೀರಿಗೆ ಎಷ್ಟು ಮುಚ್ಚಳ ಎಂದು ಹೇಳಿದೆ. ಅವರು ಬಾಟಲಿಯನ್ನು ತಿರುಗಿಸಿ ನೋಡಿದರು.

“ಇಂಗ್ಲಿಷ್ ಉಂಟಲ್ಲ. ಒಮ್ಮೆ ಓದಿ ಹೇಳಿ.”

“ಇಷ್ಟು ವರ್ಷ ಮಾರಿದವನಿಗೆ ಓದ್ಲಿಕ್ಕುಂಟಾ ಚೇಚಿ? ಹೋಗಿ, ಹೋಗಿ.”

ಹತ್ತು ದಿನ ಕಳೆದು ಬಂದರು. “ಬನ್ನಿ” ಎಂದರು, ಅಷ್ಟೇ. ಹೋದೆ. ಸುತ್ತ ಬದುವಿನ ಹುಲ್ಲು ಹಸಿರಾಗಿತ್ತು. ಒಳಗೆ ಗದ್ದೆಯಿಡೀ ಒಣಹುಲ್ಲಿನ ಬಣ್ಣ. ಒಂದು ಪೈರೂ ಉಳಿದಿರಲಿಲ್ಲ. ಬಾಟಲಿ ಬದುವಿನ ಮೇಲೆ ಬಿದ್ದಿತ್ತು. ಎತ್ತಿ ಓದಿದೆ. ಬೆಳೆಯಿಲ್ಲದ ಜಾಗಕ್ಕೆ ಹೊಡೆಯುವ, ಹಸಿರಾದದ್ದನ್ನೆಲ್ಲ ಕೊಲ್ಲುವ ಔಷಧ.

ಹೆಂಗಸರ ಜೊತೆ ಗದ್ದೆಯ ಯಜಮಾನನೂ ಬಂದು ನಿಂತಿದ್ದ. “ಏನಾಯ್ತು ಸಾರ್?”

“ಅಳತೆ ತಪ್ಪಿದ್ದು. ಮುಚ್ಚಳ ಜಾಸ್ತಿ ಆಗಿದೆ,” ಎಂದೆ. ಬಾಟಲಿಯನ್ನು ಚೀಲದೊಳಗೆ ತುರುಕಿಕೊಂಡೆ.

ಚೇಚಿ ಜಗಳಕ್ಕೆ ಬರುತ್ತಾರೆಂದು ಕಾದೆ. ಅವರು ತಮ್ಮ ಅಂಗೈಯನ್ನೇ ನೋಡಿಕೊಂಡರು. “ಸಾರ್ ಸರಿಯಾಗೇ ಹೇಳಿದ್ರು,” ಎಂದರು ಉಳಿದ ಹೆಂಗಸರಿಗೆ. “ನನ್ನ ಕೈಯೇ ತಪ್ಪಿತು.”

ನಂಬಿಬಿಟ್ಟರು! ಸತ್ತ ಗದ್ದೆಗಿಂತ ಆ ಮಾತು ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿತು. ಆದರೂ ಚೀಲವನ್ನು ಕಂಕುಳಿಗೆ ಒತ್ತಿಕೊಂಡು ಅಂಗಡಿಗೆ ನಡೆದೆ.

ಯಜಮಾನ ಗದ್ದೆ ಹಿಂತೆಗೆದುಕೊಂಡ. ಚೇಚಿ ಮತ್ತೆ ಯಾರ ಗದ್ದೆಗೂ ಇಳಿಯಲಿಲ್ಲ, ಹೋಟೆಲಿನಲ್ಲಿ ಪಾತ್ರೆ ತೊಳೆದರು. ಅಂಗಡಿಯ ಮುಂದೆ ತಲೆ ತಗ್ಗಿಸಿ ಹೋಗುವರು, ನನ್ನನ್ನು ಕೆಣಕುತ್ತಿರಲಿಲ್ಲ.

ಮೂರು ವರ್ಷದ ಮೇಲೆ ತೀರಿಕೊಂಡರು. ಅವರ ಮನೆಗೆ ಹೋಗಿದ್ದೆ. ಮಗಳು ಹಾಲಿಲ್ಲದ ಕಟ್ಟನ್ ಚಾಯ ತಂದುಕೊಟ್ಟು ಹೇಳಿದಳು: “ಕಡೆಯ ಜ್ವರದಲ್ಲೂ ಅಮ್ಮ ಅದನ್ನೇ ಕೇಳ್ತಿದ್ರು ಸಾರೇ. ನಾನು ಎಷ್ಟು ಮುಚ್ಚಳ ಹಾಕಿದೆ, ನೀನು ನೋಡಿದ್ದೀಯಾ ಅಂತ.”

ಆಗಲಾದರೂ ಹೇಳಬಹುದಿತ್ತು. ಚಾಯ ಕುಡಿದು ಎದ್ದು ಬಂದೆ.

ಚೇಚಿ, ನೀವು ಹಾಕಿದ ಮುಚ್ಚಳ ಸರಿಯಾಗಿಯೇ ಇತ್ತು. ತಪ್ಪು ಬಾಟಲಿ ಕೊಟ್ಟವನು ನಾನು.